ಮೂರು ಚಕ್ರದ ಹಳೇ ಗಾಡಿಯಿಂದ ದಪ್ಪ ಟಯರಿನ ಬೈಕು: ಭಟ್ರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಭಾನುವಾರದ ಪ್ರಶ್ನೋತ್ತರ ಶುರು. ಅಮೆರಿಕ, ಕೆನಡಾದ ಶೆಡ್ಡುಗಳಲ್ಲಿ ಹೋಂಡಾ ಎಟಿಸಿ, ಯಮಹಾ ಟ್ರೈ-ಮೋಟೋ ತರಹದ, ಮುಂದೆ ಒಂದು ಹಿಂದೆ ಎರಡು ದಪ್ಪ ಟಯರ್ ಇರುವ, ಕಾಡುದಾರಿಯ ಗಾಡಿಗಳು ಇನ್ನೂ ಧೂಳು ತಿನ್ನುತ್ತಾ ಬಿದ್ದಿವೆ. ಹಿಂದಿನ ಎರಡು ಚಕ್ರ ತೆಗೆದು, ಒಂದೇ ದಪ್ಪ ಚಕ್ರ ಹಾಕಿ, ಕಾಡು-ಮೇಡು ಸುತ್ತುವ ಬೈಕು ಮಾಡುವುದು ಹೇಗೆ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಒಹಾಯೋದಲ್ಲಿ ಫ್ಯಾಬ್ರಿಕೇಶನ್ ಅಂಗಡಿ ನಡೆಸುವ ನಮ್ಮ ಭಟ್ರು ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಮಿಶಿಗನ್ ಮಂಜ: ನಮಸ್ಕಾರ ಭಟ್ರೇ. ಪಕ್ಕದ ಮನೆಯ ಅಜ್ಜ 1982ರ ಎಟಿಸಿ 200 ಕೊಟ್ಟರು. ಎಂಜಿನ್ ಓಡುತ್ತದೆ. ಕತ್ತರಿಸಲಾ, ಹಾಗೇ ಇಟ್ಟುಕೊಳ್ಳಲಾ?

ಭಟ್ರ ಗ್ಯಾರೇಜು: ನಮಸ್ಕಾರ. ಓಡುವ ಗಾಡಿ, ಫ್ರೇಮ್ ನೇರ ಇದೆ, ಪ್ಲಾಸ್ಟಿಕ್ ಒಡೆದಿಲ್ಲ ಅಂದರೆ ಕತ್ತರಿಸಬೇಡಿ. ಹೋಂಡಾ ಈ ಗಾಡಿಯನ್ನು 1970ರಲ್ಲಿ ಯುಎಸ್ 90 ಅಂತ ತಂದಿತು. ಆಮೇಲೆ ಎಟಿಸಿ 90 ಆಯಿತು. 1988ರಲ್ಲಿ ಅಮೆರಿಕ ಸರ್ಕಾರದ ಜೊತೆ ಒಪ್ಪಂದವಾಗಿ ಕಂಪನಿಗಳು ಮೂರು ಚಕ್ರದ ಹೊಸ ಗಾಡಿ ಮಾರುವುದನ್ನು ನಿಲ್ಲಿಸಿದವು. 2008ರ ಕಾನೂನು ಹೊಸದನ್ನು ಆಮದು ಮಾಡುವ, ಮಾರುವ ದಾರಿಯನ್ನೂ ಮುಚ್ಚಿತು. ಹಾಗಾಗಿ ಚೆನ್ನಾಗಿರುವ ಗಾಡಿಗಳು ದಿನೇ ದಿನೇ ಕಡಿಮೆ ಆಗುತ್ತಿವೆ. ಎಟಿಸಿ 250ಆರ್ ತರಹದ ಗಾಡಿ ಸಿಕ್ಕಿ ಅದಕ್ಕೆ ಲೋಹ ಕತ್ತರಿಸುವ ಗ್ರೈಂಡರ್ ಇಟ್ಟರೆ ನನಗೆ ಹೇಳಲೂ ಬೇಡಿ. ಈ ಕೆಲಸಕ್ಕೆ ಬೇಕಾದದ್ದು ಹಿಂದಿನ ಆಕ್ಸಲ್ (ಚಕ್ರ ಕೂರುವ ಅಚ್ಚು) ಬಾಗಿದ, ಬೇರಿಂಗ್ ಮನೆ ತಿಂದುಹೋದ ಗಾಡಿ. ಎಂಜಿನ್ ಮಾತ್ರ ಗಟ್ಟಿ ಇದ್ದರೆ ಸಾಕು.

ಇನ್ನೊಂದು ಮಾತು. ಈ ಯೋಚನೆ ನಮ್ಮದಲ್ಲ. ದಪ್ಪ ಟಯರಿನ ಎರಡು ಚಕ್ರದ ಬೈಕು, ಹೋಂಡಾದ ಫ್ಯಾಟ್ ಕ್ಯಾಟ್, 1986-87ರಲ್ಲೇ ಬಂದಿತ್ತು. ಯಮಹಾದ ಬಿಡಬ್ಲ್ಯು 200 ಇತ್ತು. 1987ರಲ್ಲಿ ಟಿಡಬ್ಲ್ಯು 200 ಬಂತು. ಮೊದಲು ಅವುಗಳ ಫೋಟೋ ನೋಡಿ. ಟಯರಿನ ಮೈ ಹೇಗೆ ದುಂಡಗಿದೆ, ಮುಂದಿನ ಚಕ್ರ ಹಿಡಿದ ಫೋರ್ಕ್ ಎಷ್ಟು ಓರೆ ಇದೆ ಅಂತ ಗಮನಿಸಿ. ಆಮೇಲೆ ಗ್ರೈಂಡರ್ ಎತ್ತಿ.

ಟೊರಾಂಟೊ ತಿಮ್ಮ: ಹಿಂದಿನ ಚಕ್ರ ನಡುವೆ ತಂದರೆ ಚೈನು ಟಯರಿಗೆ ತಾಗುತ್ತೆ. ಏನು ಮಾಡೋದು?

ಭಟ್ರ ಗ್ಯಾರೇಜು: ಒಳ್ಳೇ ಪ್ರಶ್ನೆ. ಹೆಚ್ಚಿನವರು ಅರ್ಧ ಕೆಲಸ ಮುಗಿಸಿದ ಮೇಲೆ ಇದನ್ನು ಕೇಳುತ್ತಾರೆ. ಮೂರು ಚಕ್ರದಲ್ಲಿ ಚೈನು ಗಾಡಿಯ ನಡುಗೆರೆಗೆ ಹತ್ತಿರ ಇರುತ್ತದೆ, ಯಾಕೆಂದರೆ ನಡುವೆ ಟಯರೇ ಇಲ್ಲ. ನೀವು ಅಲ್ಲಿಗೇ ಹತ್ತಿಂಚು ಅಗಲದ ಟಯರ್ ತರುತ್ತೀರಿ. ಮಧ್ಯೆ ಒಂದು ಜಾಕ್ ಶಾಫ್ಟ್ ಬೇಕು. ಎಂಜಿನ್ನಿಂದ ಮೊದಲ ಚೈನು ಆ ಶಾಫ್ಟಿಗೆ, ಶಾಫ್ಟಿನ ಹೊರತುದಿಯಿಂದ ಎರಡನೇ ಚೈನು ಚಕ್ರಕ್ಕೆ. ಶಾಫ್ಟಿನ ಎರಡೂ ಸ್ಪ್ರಾಕೆಟ್‌ಗೆ ಒಂದೇ ಲೆಕ್ಕದ ಹಲ್ಲು ಇಟ್ಟರೆ ಗೇರ್ ಲೆಕ್ಕ ಬದಲಾಗುವುದಿಲ್ಲ. ಶಾಫ್ಟನ್ನು ಫ್ರೇಮಿಗೇ ಬಿಗಿಯಿರಿ. ಎರಡು ಬೇರಿಂಗ್ ನಡುವೆ ಆದಷ್ಟು ದೂರ ಇರಲಿ. ಒಂದೇ ಬೇರಿಂಗಿನಿಂದ ಶಾಫ್ಟ್ ನೇತಾಡಿಸಿದರೆ ಮೊದಲ ಏರಿನಲ್ಲೇ ಬಾಗುತ್ತದೆ. ಟಯರಿಗೂ ಚೈನಿಗೂ ಮಧ್ಯೆ ಕಡೇಪಕ್ಷ 20 ಮಿ.ಮೀ. ಜಾಗ ಬಿಡಿ. ಗಾಳಿ ಕಡಿಮೆ ಇರುವ ಟಯರ್ ಭಾರ ಬಿದ್ದಾಗ ಪಕ್ಕಕ್ಕೆ ಉಬ್ಬುತ್ತದೆ.

ಟೆಕ್ಸಸ್ ಟೋಪಿ: ಟಯರ್ ಪ್ರೆಶರ್ ಎಷ್ಟು?

ಭಟ್ರ ಗ್ಯಾರೇಜು: ಮೂರು ಚಕ್ರ ಇದ್ದಾಗ 2ರಿಂದ 3 ಪಿಎಸ್ಐ. ಎರಡೇ ಚಕ್ರವಾದರೆ ಸ್ವಲ್ಪ ಜಾಸ್ತಿ. ಟಯರಿನ ಪಕ್ಕದಲ್ಲಿ ಬರೆದ ಮಿತಿ ದಾಟಬೇಡಿ. ಕಾರಿನ ಗೇಜು 3 ಪಿಎಸ್ಐ ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಪ್ರೆಶರಿನದೇ ಗೇಜು ತಗೊಳ್ಳಿ.

ಸ್ಕ್ರೂಡ್ರೈವರ್ ಸುಮ: ಸರ್, ನನ್ನ ಎಟಿಸಿ 110 ಕಾರ್ಬ್ಯುರೇಟರ್ ಚೋಕ್ ತೆಗೆದ ಕೂಡಲೇ ಎಂಜಿನ್ ನಿಲ್ಲುತ್ತದೆ. ಪೈಲಟ್ ಜೆಟ್ ಕ್ಲೀನ್ ಮಾಡಿದ್ದೇನೆ. ಇನ್ನೇನು ನೋಡಲಿ?

ಜರ್ಸಿ ಜಗ್ಗ: ರಿಮ್ ಮೇಲೆ ಟಯರ್ ಕೂರ್ತಿಲ್ವಾ? ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಸೂಪರ್ ವಿಡಿಯೋ ಬಂದಿದೆ. ಸ್ಟಾರ್ಟಿಂಗ್ ಫ್ಲೂಯಿಡ್ (ಎಂಜಿನ್ ಬೇಗ ಹೊತ್ತಿಸುವ ಸ್ಪ್ರೇ) ಟಯರ್ ಒಳಗೆ ಸ್ಪ್ರೇ ಮಾಡಿ ಲೈಟರ್ ಹಿಡಿದರೆ ಢಂ ಅಂತ ಕೂತುಬಿಡುತ್ತೆ. ಎಲ್ಲರಿಗೂ ಶೇರ್ ಮಾಡಿ.

ಭಟ್ರ ಗ್ಯಾರೇಜು: ಶೇರ್ ಮಾಡಬೇಡಿ. ಆ ಢಂ ಅನ್ನೋದು ಸ್ಫೋಟ. ಟಯರಿನ ಮೇಲೆ ಬೀಡ್ (ರಿಮ್ಮಿಗೆ ಕೂರುವ ಒಳಅಂಚು) ಕೂರಿಸಲು ಎಷ್ಟು ಪಿಎಸ್ಐ ಮಿತಿ ಅಂತ ಅಚ್ಚು ಹಾಕಿರುತ್ತಾರೆ. ಲೈಟರ್ ಹಿಡಿದವನಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ಟಯರಿನ ಸುತ್ತ ರ‍್ಯಾಚೆಟ್ ಪಟ್ಟಿ ಬಿಗಿಯಿರಿ, ಸೋಪು ನೀರು ಹಚ್ಚಿ, ವಾಲ್ವಿನ ಒಳಗಿನ ಕಡ್ಡಿ ತೆಗೆದು ಗಾಳಿ ತುಂಬಿ. ಕೂರುತ್ತದೆ. ಹಳೇ ಎಟಿಸಿ 70, 90ರ ರಿಮ್ ಎರಡು ಹೋಳಿನದು. ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಗಾಳಿ ಪೂರ್ತಿ ಬಿಡದೆ ಆ ಬೋಲ್ಟಿಗೆ ಸ್ಪ್ಯಾನರ್ ಹಾಕಬಾರದು. ಇದನ್ನು ಬೇಕಾದರೆ ಫಾರ್ವರ್ಡ್ ಮಾಡಿ.

ಹಾಸನದ ಹೈದ (ಮಿನೆಸೋಟ): ಭಟ್ರೇ, ನಾನು ಆಗಲೇ ಮಾಡಿ ಮುಗಿಸಿದ್ದೇನೆ. ಎಟಿಸಿ 185 ಗಾಡಿ. ಹಿಂದೆ 22 ಇಂಚಿನ ಬದಲು 25 ಇಂಚಿನ ಟಯರ್ ಹಾಕಿದೆ, ನೋಡಲು ಮಜವಾಗಿದೆ. ಹಿಂದಿನ ಪೈಪ್ ಕತ್ತರಿಸಿ, ಉದ್ದ ಮಾಡಿ, ಫ್ಲಕ್ಸ್ ಕೋರ್ ವೈರಿನಲ್ಲಿ ವೆಲ್ಡ್ ಮಾಡಿ, ಗ್ರೈಂಡ್ ಮಾಡಿ, ಬಣ್ಣ ಹೊಡೆದಿದ್ದೇನೆ. ಒಂದೇ ತೊಂದರೆ. 25 ಮೈಲಿ ವೇಗಕ್ಕೆ ಹ್ಯಾಂಡಲ್ ತಲೆ ಆಡಿಸುತ್ತೆ. ಸ್ಟೀರಿಂಗ್ ಡ್ಯಾಂಪರ್ (ಹ್ಯಾಂಡಲ್ ಅಲುಗಾಟ ತಡೆಯುವ ಸಾಧನ) ಹಾಕಿದರೆ ಸರಿಹೋಗುತ್ತಾ? ಮುಂದಿನ ವಾರ ಸ್ನೇಹಿತರ ಹೊಲದಲ್ಲಿ 15 ವರ್ಷದ ಮಗ ಓಡಿಸಬೇಕು ಅಂತಿದ್ದಾನೆ. ಫೋಟೋ ಹಾಕಿದ್ದೇನೆ.

ಭಟ್ರ ಗ್ಯಾರೇಜು: ಮಗ ಓಡಿಸುವುದು ಬೇಡ. ನೀವೂ ಹತ್ತಬೇಡಿ. ಮೊದಲು ಇದನ್ನು ಪೂರ್ತಿ ಓದಿ.

ಫೋಟೋದಲ್ಲಿ ನನಗೆ ಹಿಂದಿನ ಬ್ರೇಕ್ ಕಾಣುತ್ತಿಲ್ಲ. ಎಟಿಸಿಯಲ್ಲಿ ಹಿಂದಿನ ಬ್ರೇಕ್ ಇರುವುದು ಆಕ್ಸಲ್ ಮೇಲೆ. ಆಕ್ಸಲ್ ಬಿಚ್ಚಿದಾಗ ಅದೂ ಜೊತೆಗೇ ಹೋಯಿತು, ಅಲ್ವಾ? ಪೆಡಲ್ ಮಾತ್ರ ಉಳಿದಿದೆ, ಅದರ ಕೇಬಲ್ ಫ್ರೇಮಿಗೆ ಸುತ್ತಿದೆ. ಇಳಿಜಾರಿನಲ್ಲಿ, ಹಸಿ ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಒಂದನ್ನೇ ಹಿಡಿದರೆ ಏನಾಗುತ್ತದೆ ಅಂತ ಯೋಚಿಸಿ. ಬೇರೆ ಬೈಕಿನ ಹಬ್ ಹಾಕಿ. ಡ್ರಮ್ ಹಾಕಿದರೆ ಅದರ ತಟ್ಟೆ ತಿರುಗದ ಹಾಗೆ ಹಿಂದಿನ ಫ್ರೇಮಿಗೆ ಒಂದು ಕಡ್ಡಿ ಕಟ್ಟಲೇಬೇಕು. ಅದಿಲ್ಲದಿದ್ದರೆ ಬ್ರೇಕ್ ಒತ್ತಿದಾಗ ತಟ್ಟೆಯೇ ತಿರುಗಿ ಕೇಬಲ್ ಕಿತ್ತು ಹೋಗುತ್ತದೆ.

ಈಗ ತಲೆ ಆಡುವ ವಿಷಯ. ಡ್ಯಾಂಪರ್ ಮಾತು ಬಿಡಿ. ಅದು ರೋಗ ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ಹಿಂದೆ ದೊಡ್ಡ ಟಯರ್ ಹಾಕಿ ಗಾಡಿಯ ಹಿಂಭಾಗ ಎತ್ತಿದ್ದೀರಿ. ಹಿಂದೆ ಎತ್ತಿದರೆ ಮುಂದಿನ ಫೋರ್ಕ್ ನೆಟ್ಟಗಾಗುತ್ತದೆ. ಫೋರ್ಕ್ ನೆಟ್ಟಗಾದರೆ ಟ್ರೇಲ್ ಕಡಿಮೆ ಆಗುತ್ತದೆ. ಟ್ರೇಲ್ ಅಂದರೆ, ಹ್ಯಾಂಡಲ್ ತಿರುಗುವ ಗೆರೆಯನ್ನು ನೆಲದವರೆಗೆ ಎಳೆಯಿರಿ. ಮುಂದಿನ ಆಕ್ಸಲಿನಿಂದ ಒಂದು ತೂಕದ ಗುಂಡು ನೆಲಕ್ಕೆ ಇಳಿಬಿಡಿ. ಆ ಎರಡು ಗುರುತಿನ ನಡುವಿನ ದೂರವೇ ಟ್ರೇಲ್. ಅದು ಕಡಿಮೆ ಆದರೆ ಚಕ್ರಕ್ಕೆ ನೇರ ಓಡುವ ಹಟವೇ ಇರುವುದಿಲ್ಲ. ಮೂರು ಚಕ್ರದಲ್ಲಿ ಹಿಂದಿನ ಎರಡು ಟಯರ್ ಗಾಡಿಯನ್ನು ನೆಟ್ಟಗೆ ಹಿಡಿದಿರುತ್ತವೆ, ಹಾಗಾಗಿ ಗೊತ್ತಾಗುವುದಿಲ್ಲ. ಎರಡು ಚಕ್ರದಲ್ಲಿ ಗೊತ್ತಾಗುತ್ತದೆ. ನಿಮಗೆ ಆಗಲೇ ಗೊತ್ತಾಗಿದೆ.

ಮೂರನೆಯದು ಆ ಪೈಪು. ತುದಿಗೆ ತುದಿ ಇಟ್ಟು ವೆಲ್ಡ್ ಮಾಡಿದ್ದೀರಾ, ಒಳಗೆ ಇನ್ನೊಂದು ಪೈಪಿನ ತುಂಡು ಹಾಕಿದ್ದೀರಾ? ಸುಮ್ನೆ ತುದಿಗೆ ತುದಿ ಆದರೆ, ಅದರ ಮೇಲೆ ಗ್ರೈಂಡರ್ ಆಡಿಸಿ ವೆಲ್ಡಿನ ಉಬ್ಬು ತೆಳ್ಳಗೆ ಮಾಡಿದ್ದೀರಿ. ನುಣುಪಾಗಿ ಕಾಣಲಿ ಅಂತ ಶಕ್ತಿ ತೆಗೆದಿದ್ದೀರಿ. ಬಣ್ಣ ಕೆರೆದು ಫೋಟೋ ಹಾಕಿ. ಹೆಡ್ಡಿನ (ಹ್ಯಾಂಡಲ್ ತಿರುಗುವ ಗೆರೆಯ) ಕೋನ, ಮುಂದಿನ ಆಕ್ಸಲಿನ ಎತ್ತರ, ಫೋರ್ಕ್ ಆಫ್‌ಸೆಟ್ (ಆ ಗೆರೆಯಿಂದ ಆಕ್ಸಲ್ ಎಷ್ಟು ಮುಂದಿದೆ) ಅಳೆದು ಹೇಳಿ.

ಹುಬ್ಬಳ್ಳಿ ಹಳೇಗಾಡಿ: ಏನ್ರಿ ಭಟ್ರ, ಇಷ್ಟೆಲ್ಲಾ ಯಾಕ್ರಿ? ನಮ್ಮ ಕಡೆ ಬಜಾಜ್ ಆಟೋ ಸ್ಕ್ರ್ಯಾಪಿನಾಗ ಬೇಕಾದಷ್ಟು ಸಿಗತಾವ. ಅದನ್ನ ಹಿಂಗ ಬೈಕ್ ಮಾಡಬಹುದೇನ್ರಿ?

ಭಟ್ರ ಗ್ಯಾರೇಜು: ಆಗುವುದಿಲ್ಲ. ಆಟೋದಲ್ಲಿ ಎಂಜಿನ್, ಗೇರ್, ಡಿಫರೆನ್ಶಿಯಲ್ ಒಂದೇ ಗಂಟು, ಹಿಂದೆ ಇರುತ್ತದೆ. ಭಾರ ಹೊರುವುದು ತಗಡಿನ ಬಾಡಿ. ತಗಡು ಕತ್ತರಿಸಿದರೆ ಬೈಕಿಗೆ ಬೇಕಾದ ಫ್ರೇಮ್ ಉಳಿಯುವುದಿಲ್ಲ. ಹೊಸ ಫ್ರೇಮೇ ಕಟ್ಟುವುದಾದರೆ ಆಟೋ ಯಾಕೆ ಬೇಕು? ಜೊತೆಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ತಯಾರಕರು ಕೊಟ್ಟ ರೂಪ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಇದೆ, ಎರಡೂ ಬೀಳಬಹುದು.

ಹುಬ್ಬಳ್ಳಿ ಹಳೇಗಾಡಿ: ಅಮೆರಿಕಾದಾಗ ಕುಂತು ನಮಗ ಕಾನೂನು ಹೇಳಾಕ ಬಂದ್ರಿ.

ಮಿಶಿಗನ್ ಮಂಜ: ಕಾನೂನು ನಿಮ್ಮದೇ ದೇಶದ್ದು. ಅವರು ತಂದಿದ್ದಲ್ಲ.

ಹುಬ್ಬಳ್ಳಿ ಹಳೇಗಾಡಿ: ನಿಮ್ಮ ದೇಶ ಅಲ್ಲೇನು? ಪಾಸ್‌ಪೋರ್ಟ್ ಬದಲಾತು ಅಂತ ಗೊತ್ತಿರಲಿಲ್ಲ ಬಿಡ್ರಿ.

ಟೊರಾಂಟೊ ತಿಮ್ಮ: ಇಲ್ಲಿ ಜಾಕ್ ಶಾಫ್ಟ್ ಮಾತಾಡ್ತಿದ್ದೀವಿ. ಪಾಸ್‌ಪೋರ್ಟ್ ಬೇರೆ ಕಡೆ ಇಟ್ಟುಕೊಳ್ಳಿ.

ಜರ್ಸಿ ಜಗ್ಗ: ಸತು ಲೇಪಿಸಿದ ಜಿಐ ಪೈಪ್ ವೆಲ್ಡ್ ಮಾಡೋ ಮೊದಲು ಒಂದು ಲೋಟ ಹಾಲು ಕುಡಿದರೆ ಹೊಗೆ ಏನೂ ಮಾಡಲ್ಲ. ನಮ್ಮ ಮಾವ 30 ವರ್ಷ ಹಾಗೇ ಮಾಡಿದ್ದಾರೆ. ಪೈಪ್ ಜಿಡ್ಡಾಗಿದ್ದರೆ ಬ್ರೇಕ್ ಕ್ಲೀನರ್ ಹೊಡೆದು ತಕ್ಷಣ ವೆಲ್ಡ್ ಮಾಡಿ.

ಲ್ಯಾಬ್ ಲಲಿತ: ಹಾಲು ಹೋಗುವುದು ಹೊಟ್ಟೆಗೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಎರಡೂ ಎಲ್ಲಿ ಸಿಗುತ್ತವೆ?

ಜರ್ಸಿ ಜಗ್ಗ: ಮೇಡಂ, ಅನುಭವದ ಮುಂದೆ ಪುಸ್ತಕ ನಡೆಯಲ್ಲ.

ಭಟ್ರ ಗ್ಯಾರೇಜು: ಜಗ್ಗ ಅವರೇ, ನಿಮ್ಮ ಮಾವನ ಅದೃಷ್ಟ ಎಲ್ಲರಿಗೂ ಬರೆದುಕೊಡಬೇಡಿ. ಸತು ಸುಟ್ಟ ಹೊಗೆ ಕುಡಿದರೆ ಕೆಲವು ಗಂಟೆ ಆದ ಮೇಲೆ ಚಳಿ-ಜ್ವರ, ಮೈಕೈ ನೋವು ಬರುತ್ತದೆ. ಹಾಲಿನಿಂದ ಅದು ನಿಲ್ಲುವುದಿಲ್ಲ. ವೆಲ್ಡ್ ಮಾಡುವ ಜಾಗದ ಸತು ಮೊದಲೇ ಕೆರೆಯಿರಿ, ಬಾಗಿಲು ತೆಗೆಯಿರಿ, ಲೋಹದ ಹೊಗೆಗೆ ತಕ್ಕ ಮಾಸ್ಕ್ ಹಾಕಿ. ಇನ್ನು ಬ್ರೇಕ್ ಕ್ಲೀನರ್. ಇದು ಜ್ವರದ ಮಾತಲ್ಲ. ಕ್ಲೋರಿನ್ ಇರುವ ಕ್ಲೀನರ್ ವೆಲ್ಡಿಂಗ್ ಬೆಳಕಿಗೆ, ಕಾವಿಗೆ ಸಿಕ್ಕರೆ ಫಾಸ್ಜೀನ್ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಬಳಸಿದ ವಿಷಗಾಳಿ ಅದು. ಆ ಕ್ಷಣಕ್ಕೆ ಏನೂ ಅನ್ನಿಸದೆ, ಗಂಟೆಗಳಾದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅಸಿಟೋನ್ ಬಳಸಿ, ಪೂರ್ತಿ ಆರಲಿ, ಡಬ್ಬಿ ದೂರ ಇಡಿ, ಆಮೇಲೆ ಕಿಡಿ ಹೊಡೆಯಿರಿ. ಅಡ್ಮಿನ್, ಆ ಕಾಮೆಂಟ್ ಅಳಿಸಿ.

ಕೊಡಚಾದ್ರಿ ಜೀಪು: ಟ್ಯಾಂಕ್ ತೂತಾಗಿದೆ. ಸೈಲೆನ್ಸರ್ ಹೊಗೆ ತುಂಬಿ ವೆಲ್ಡ್ ಮಾಡಬಹುದು ಅಂತ ಒಬ್ಬರು ಕಳಿಸಿದ್ದಾರೆ.

ಭಟ್ರ ಗ್ಯಾರೇಜು: ಬೇಡ. ಬೇರೆ ಟ್ಯಾಂಕ್ ಕೊಳ್ಳಿ.

ಕೊಡಚಾದ್ರಿ ಜೀಪು: ಯಾಕೆ ಅಂತ ಹೇಳಿದರೆ ಒಳ್ಳೇದಿತ್ತು.

ಭಟ್ರ ಗ್ಯಾರೇಜು: ಟ್ಯಾಂಕಿನ ಮಡಿಕೆಗಳಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಕಾವಿಗೆ ಆವಿಯಾಗುತ್ತದೆ. ಒಳಗೆ ಎಷ್ಟು ಆಮ್ಲಜನಕ ಉಳಿದಿದೆ ಅಂತ ನಿಮ್ಮ ಹೊಗೆ ಹೇಳುವುದಿಲ್ಲ. ಸಾಕಾ?

ಟೆಕ್ಸಸ್ ಟೋಪಿ: ಹಿಂದಿನ ಟಯರಿಗೆ ಪ್ರೆಶರ್ ಬೇರೆ ಇಡಬೇಕಾ?

ಭಟ್ರ ಗ್ಯಾರೇಜು: ಮೇಲೆ ಬರೆದಿದ್ದೇನೆ.

ವರ್ಜೀನಿಯಾ ವಾಸು: ಇದಕ್ಕೆ ನಂಬರ್ ಪ್ಲೇಟ್ ಸಿಗುತ್ತಾ? ಎಲೆಕ್ಟ್ರಿಕ್ ಮೋಟಾರ್ ಹಾಕಬಹುದಾ?

ಹಾಸನದ ಹೈದ: ಅಳೆದೆ ಭಟ್ರೇ. ಲಂಬದಿಂದ ಕೋನ 23 ಡಿಗ್ರಿ. ಆಫ್‌ಸೆಟ್ 50 ಮಿ.ಮೀ. ಆಕ್ಸಲ್ ನೆಲದಿಂದ 265 ಮಿ.ಮೀ. ಎರಡು ಆಕ್ಸಲ್ ನಡುವೆ 1,200. ಪೈಪ್ ತುದಿಗೆ ತುದಿಯೇ. ಒಳಗೆ ಏನೂ ಹಾಕಿಲ್ಲ.

ಭಟ್ರ ಗ್ಯಾರೇಜು: ಥ್ಯಾಂಕ್ಸ್. ಕೇಳಿದ್ದನ್ನು ಅಳೆದು ಹೇಳಿದವರು ನೀವೊಬ್ಬರೇ. ನಿಮ್ಮ ಟ್ರೇಲ್ 58 ಮಿ.ಮೀ. ಆಗುತ್ತದೆ. ಇಂಥ ಬೈಕಿಗೆ 90ರ ಆಸುಪಾಸು ಬೇಕು. ಮುಂದೆಯೂ 25 ಇಂಚಿನ ಟಯರ್ ಹಾಕಿ. ಆಕ್ಸಲ್ 303 ಮಿ.ಮೀ.ಗೆ ಏರುತ್ತದೆ, ಫೋರ್ಕ್ ಸುಮಾರು 1.8 ಡಿಗ್ರಿ ಹಿಂದಕ್ಕೆ ಓರೆಯಾಗುತ್ತದೆ. ಟ್ರೇಲ್ 85ಕ್ಕೆ ಬರುತ್ತದೆ. ಹೇಗೂ ಹಿಂದಿನ ಭಾಗ ಕತ್ತರಿಸಬೇಕು. ಆಗ ಗಾಡಿಯ ಹಿಂಭಾಗ 40 ಮಿ.ಮೀ. ತಗ್ಗುವ ಹಾಗೆ ಕಟ್ಟಿ. 95ರ ಹತ್ತಿರ ನಿಲ್ಲುತ್ತದೆ. ದೊಡ್ಡ ಟಯರ್ ಫೋರ್ಕ್ ಒಳಗೆ ಹಿಡಿಯುತ್ತದಾ ಅಂತ ಕೊಳ್ಳುವ ಮೊದಲೇ ನೋಡಿ. ಚಪ್ಪಟೆ ಮೈ ಟಯರ್ ತರಬೇಡಿ. ಅದು ವಾಲಲು ಬಿಡುವುದಿಲ್ಲ, ವಾಲಿದರೆ ಅಂಚಿನ ಮೇಲೆ ನಿಲ್ಲುತ್ತದೆ. ದುಂಡು ಮೈಯದು ತನ್ನಿ.

ಪೈಪಿನ ಕೂಡು ಪೂರ್ತಿ ತೆಗೆಯಿರಿ. ಒಳಗೆ ಬಿಗಿಯಾಗಿ ಕೂರುವ ಪೈಪಿನ ತುಂಡು ಹಾಕಿ, ಕೂಡಿನ ಎರಡೂ ಕಡೆ ಹೊರಪೈಪಿಗೆ ತೂತು ಕೊರೆದು ಪ್ಲಗ್ ವೆಲ್ಡ್ ಮಾಡಿ, ಆಮೇಲೆ ಸುತ್ತ ವೆಲ್ಡ್. ಮೂಲೆಗಳಿಗೆ ಗಸೆಟ್ (ಬಲಕ್ಕೆ ಹಾಕುವ ತ್ರಿಕೋನ ತಗಡು). ಗ್ರೈಂಡರ್ ಮುಟ್ಟಿಸಬೇಡಿ. ಗೊತ್ತಿರುವ ವೆಲ್ಡರಿಗೆ ಕೊಟ್ಟರೆ ಇನ್ನೂ ಒಳ್ಳೇದು. ಕೊನೆಗೆ ಸ್ಟೀರಿಂಗ್ ಬೇರಿಂಗ್ ನೋಡಿ. ಹಳೇ ಗಾಡಿಯಲ್ಲಿ ಗುಂಡುಗಳು ಬೇರಿಂಗಿನ ಬಟ್ಟಲಿನಲ್ಲಿ ಗುಳಿ ಹಾಕಿರುತ್ತವೆ. ಎರಡು ಚಕ್ರವೂ ಒಂದೇ ಗೆರೆಯಲ್ಲಿವೆಯಾ ಅಂತ ಉದ್ದದ ದಾರ ಹಿಡಿದು ನೋಡಿ.

ಹುಬ್ಬಳ್ಳಿ ಹಳೇಗಾಡಿ: ದಾರ ಹಿಡದು ಬೈಕ್ ಕಟ್ಟೋ ಇಂಜಿನಿಯರಿಂಗು. ನಮ್ಮ ಮೇಸ್ತ್ರಿ ಕಣ್ಣಳತೆಯಾಗ ಮಾಡತಾನ.

ಲ್ಯಾಬ್ ಲಲಿತ: ಹೌದು, ಅದಕ್ಕೇ ಹ್ಯಾಂಡಲ್ ತಲೆ ಆಡಿಸುತ್ತೆ.

ಹುಬ್ಬಳ್ಳಿ ಹಳೇಗಾಡಿ: ನಿಮ್ಮನ್ನ ಯಾರು ಕೇಳಿದ್ರು?

ಜರ್ಸಿ ಜಗ್ಗ: ನನ್ನ ಕಾಮೆಂಟ್ ಯಾಕೆ ಅಳಿಸಿದ್ದು ಅಡ್ಮಿನ್? ಇಲ್ಲಿ ಮಾತಾಡೋ ಸ್ವಾತಂತ್ರ್ಯ ಇಲ್ವಾ?

ಅಡ್ಮಿನ್: ಹಾಲಿಗೆ ಇದೆ. ಫಾಸ್ಜೀನಿಗೆ ಇಲ್ಲ.

ಸ್ಕ್ರೂಡ್ರೈವರ್ ಸುಮ: ಸರ್, ಕಾರ್ಬ್ಯುರೇಟರ್ ಪ್ರಶ್ನೆ ಕೇಳಿದ್ದೆ. ಮೇಲೆ ಇದೆ.

ಟೆಕ್ಸಸ್ ಟೋಪಿ: ಮೇಲೆ ಹುಡುಕಿದೆ. ಹಿಂದಿನ ಟಯರಿಗೆ ಬೇರೆ ಹೇಳಿಲ್ಲ.

ಭಟ್ರ ಗ್ಯಾರೇಜು: ಟೋಪಿಯವರೇ, ಟಯರ್ ಪಕ್ಕ ಓದಿ. ಓದಲಾಗದಿದ್ದರೆ ಟಯರ್ ಬದಲಿಸಿ. ಹುಬ್ಬಳ್ಳಿಯವರೇ, ನಿಮ್ಮ ಮೇಸ್ತ್ರಿಗೆ ನನ್ನ ನಮಸ್ಕಾರ ಹೇಳಿ, ಇಲ್ಲಿಗೆ ಬಿಡಿ. ನಾಳೆ ಬೆಳಗ್ಗೆ ಅಂಗಡಿ ತೆಗೆಯಬೇಕು. ಹಾಸನದವರೇ, ಬೀಗದ ಕೈ ಮಗನ ಕೈಗೆ ಸಿಗದ ಕಡೆ ಇಡಿ. ಬಣ್ಣ ಕೆರೆದ ಫೋಟೋ ನನಗೆ ನೇರ ಕಳಿಸಿ, ಇಲ್ಲಿ ಹಾಕಬೇಡಿ.

ಹಾಸನದ ಹೈದ: ಆಯ್ತು ಭಟ್ರೇ. ಚೈನ್ ಬಿಚ್ಚಿ ಕಾರಿನ ಡಿಕ್ಕಿಯಲ್ಲಿ ಹಾಕಿದ್ದೇನೆ. ಮಗ ಮಾತು ಬಿಟ್ಟಿದ್ದಾನೆ.

ಅಡ್ಮಿನ್: ಕಾಮೆಂಟ್ ಮುಚ್ಚುತ್ತಿದ್ದೇನೆ.