ಲೆಡ್‌ಫ್ರೀ ಬೋರ್ಡಿನಲ್ಲಿ ರಿಲೇ ಕಾಲಿನ ಸುತ್ತ ಬಿರುಕು: ಸೋಲ್ಡರ್‌ನದೇ ತಪ್ಪಾ?

ವಿಜಯಪುರ_ರಿಪೇರಿ:
ಎಲ್ಲರಿಗೂ ನಮಸ್ಕಾರ. ನನ್ನದು ವಿಜಯಪುರದಲ್ಲಿ ರಿಪೇರಿ ಅಂಗಡಿ. ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡುಗಳೇ ಜಾಸ್ತಿ, ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಂದ ಬರುತ್ತವೆ. ಈ ಬೇಸಿಗೆಯಲ್ಲಿ ಮೇಲಿಂದ ಮೇಲೆ ಒಂದೇ ದೂರು. ಬೆಳಿಗ್ಗೆ ಮೋಟರ್ ಚಾಲೂ ಆಗಲ್ಲ, ಪೆಟ್ಟಿಗೆಗೆ ಒಂದೇಟು ಕೊಟ್ಟರೆ ಆಗುತ್ತದೆ.

ಬೋರ್ಡು ತಿರುವಿ ಲೆನ್ಸ್ ಹಿಡಿದು ನೋಡಿದರೆ ರಿಲೇ (ಕರೆಂಟಿನಿಂದ ಆಡುವ ಸ್ವಿಚ್ಚು) ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಮೇಲಿಂದ ರಿಲೇ ಅಲುಗಾಡಿಸಿದರೆ ಕಾಲು ಬೆಸುಗೆಯೊಳಗೇ ಆಡುತ್ತದೆ. ಬೋರ್ಡಿನ ಮೇಲೆ ಲೆಡ್‌ಫ್ರೀ ಅಂತ ಗುರುತಿದೆ. ರೈತರು "ಮೊದಲಿನ ಬೋರ್ಡು ಹಿಂಗಿರಲಿಲ್ಲ ಬಿಡ್ರಿ" ಅಂತಾರೆ. ನೀರು ಹಾಯಿಸುವ ಹೊತ್ತಿಗೆ ಮೋಟರ್ ನಿಂತರೆ ಅವರ ಸಂಕಟ ನೋಡಲಾಗುವುದಿಲ್ಲ. ಇದು ಸೀಸ ಇಲ್ಲದ ಸೋಲ್ಡರ್‌ನ ದೋಷವೇ? ಎಲ್ಲಾ ಕಡೆ 63/37, ಅಂದರೆ 63 ಪಾಲು ತವರ, 37 ಪಾಲು ಸೀಸ ಇರುವ ಹಳೇ ಸೋಲ್ಡರ್ ಹಾಕಿಬಿಡಲಾ?

ಉದ್ಯಮಬಾಗ್_ಲೈನ್:
ಬೆಳಗಾವಿಯಿಂದ ಬರೆಯುತ್ತಿದ್ದೇನೆ ಸರ್, ಬೋರ್ಡ್ ಜೋಡಿಸುವ ಲೈನಿನಲ್ಲಿ ಕೆಲಸ. ನನ್ನ ಅಭಿಪ್ರಾಯದಲ್ಲಿ ಸೋಲ್ಡರ್ ಮೇಲೆ ಪೂರ್ತಿ ತಪ್ಪು ಹೊರಿಸುವುದು ಸರಿಯಲ್ಲ. ಹಳೇ ಪಿಕ್ಚರ್ ಟ್ಯೂಬ್ ಟಿವಿಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಇದ್ದದ್ದು ಸೀಸದ ಸೋಲ್ಡರೇ. ಆದರೂ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಾಲುಗಳ ಸುತ್ತ ಇದೇ ಉಂಗುರ ಬರುತ್ತಿತ್ತಲ್ವಾ?

ಪೆಟ್ಟಿಗೆ ಹಗಲು ಬಿಸಿಲಿಗೆ ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಕಾಲು, ಬೋರ್ಡು, ಬೆಸುಗೆ ಮೂರೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ. ದಿನಾ ಹೀಗೆ ಎಳೆದಾಡಿ ಬೆಸುಗೆ ದಣಿಯುತ್ತದೆ. ನಿಮ್ಮದು ಒಂದೇ ಬದಿ ತಾಮ್ರ ಇರುವ ಬೋರ್ಡಾದರೆ ತೂತಿನ ಒಳಗೋಡೆಗೆ ಲೋಹವೇ ಇರುವುದಿಲ್ಲ. ರಿಲೇ ಭಾರ, ಅದರ ಟಕ್‌ಟಕ್ ಅದುರು ಎಲ್ಲವನ್ನೂ ಕೆಳಗಿನ ಸಣ್ಣ ಪ್ಯಾಡೇ, ಅಂದರೆ ತೂತಿನ ಸುತ್ತಲಿನ ತಾಮ್ರದ ಬಿಲ್ಲೆಯೇ ಹೊರಬೇಕು.

ಹಾಗಂತ ಎರಡೂ ಒಂದೇ ಅಲ್ಲ. 63/37 ಕರಗುವುದು 183 ಡಿಗ್ರಿಗೆ. ಲೆಡ್‌ಫ್ರೀಯಲ್ಲಿ ಹೆಚ್ಚು ಬಳಕೆಯಲ್ಲಿರುವ ಎಸ್‌ಎಸಿ305ರಲ್ಲಿ ತವರ 96.5, ಬೆಳ್ಳಿ 3, ತಾಮ್ರ 0.5 ಶೇಕಡಾ, ಅದು ಕರಗಲು ಶುರುವಾಗುವುದೇ 217ರ ಹತ್ತಿರ. ದಪ್ಪ ಕಾಲು ಸಾಕಷ್ಟು ಕಾಯದಿದ್ದರೆ ಅದು ಸರಿಯಾಗಿ ಹರಡುವುದಿಲ್ಲ, ಅಲ್ಲೇ ದುರ್ಬಲ ಜಾಯಿಂಟ್ ಹುಟ್ಟುತ್ತದೆ. ಗಟ್ಟಿ ಲೋಹ, ಹೊಡೆತ ತಡೆಯುವುದು ಕಡಿಮೆ. ಆದರೆ ಸಣ್ಣ ಚಿಪ್‌ಗಳಲ್ಲಿ ತಾಪ ಹದವಾಗಿ ಏರಿಳಿದರೆ ಸೀಸದ್ದಕ್ಕಿಂತ ಜಾಸ್ತಿ ಬಾಳುವುದೂ ಉಂಟು. ಮೇಲ್ಮೈ ಮಂಕಾಗಿ ಕಾಣುವುದು ಅದರ ಗುಣ. ಹೊಳಪಿಲ್ಲ ಅಂತ ಒಳ್ಳೇ ಜಾಯಿಂಟ್ ಬಿಚ್ಚಬೇಡಿ.

ಬಾಗಲಕೋಟೆ_ಟಿವಿ:
ಲೈನ್ ಔಟ್‌ಪುಟ್ ಮಾತು ನೂರಕ್ಕೆ ನೂರು ಖರೇ. ರಿಪೇರಿಗೆ 63/37 ನಡೆಯುತ್ತದೆ ಅಣ್ಣಾ, ನಾನೂ ಅದನ್ನೇ ಬಳಸುತ್ತೇನೆ. ಆದರೆ ಮೇಲೆ ಸುಮ್ನೆ ಹನಿ ಬಿಟ್ಟು ಮುಗಿಸಬೇಡಿ. ಹಳೇದನ್ನು ಪಂಪಿನಿಂದ ಎಳೆಯಿರಿ, ಉಳಿದದ್ದನ್ನು ವಿಕ್‌ನಿಂದ (ಸೋಲ್ಡರ್ ಹೀರುವ ತಾಮ್ರದ ಹೆಣಿಗೆ ಪಟ್ಟಿ) ತೆಗೆಯಿರಿ. ಕಾಲು ಕಪ್ಪಾಗಿದ್ದರೆ ಬ್ಲೇಡಿನಿಂದ ಕೆರೆದು, ಬೆಸುಗೆ ಚೆನ್ನಾಗಿ ಹಿಡಿಯಲು ರೋಸಿನ್ ಫ್ಲಕ್ಸ್ ಹಚ್ಚಿ, ಸೋಲ್ಡರಿಂಗ್ ಐರನ್ನಿಗೆ ಅಗಲ ಬಿಟ್ (ತುದಿ) ಹಾಕಿ. ಚೂಪು ಬಿಟ್ ಇಟ್ಟು ಡಿಗ್ರಿ ಏರಿಸುತ್ತಾ ಹೋದರೆ ಪ್ಯಾಡೇ ಎದ್ದು ಬರುತ್ತದೆ.

ಇನ್ನೊಂದು. ಕೆಲವು ಲೆಡ್‌ಫ್ರೀಯಲ್ಲಿ ಬಿಸ್ಮತ್ ಅನ್ನೋ ಲೋಹ ಇರುತ್ತದೆ. ಅದಕ್ಕೆ ಸೀಸ ಬೆರೆತರೆ ಸುಮಾರು 96 ಡಿಗ್ರಿಗೇ ಕರಗುವ ಭಾಗ ಉಂಟಾಗಬಹುದು. ಬಿಸಿಯಾಗುವ ಬೋರ್ಡಿನಲ್ಲಿ ಅದು ಅಪಾಯ. ಅದಕ್ಕೇ ಹಳೇದನ್ನು ಪೂರ್ತಿ ತೆಗೆಯಿರಿ ಅಂದದ್ದು.

ಉದ್ಯಮಬಾಗ್_ಲೈನ್:
ಒಪ್ಪುತ್ತೇನೆ. ಆದರೆ ಎಲ್ಲಾ ಕಡೆ ಸೀಸಕ್ಕೇ ಮರಳುವುದು ನನಗೆ ಇಷ್ಟವಿಲ್ಲ. 2006ರ ಜುಲೈ 1ರಿಂದ ಯುರೋಪ್ ಅದನ್ನು ನಿರ್ಬಂಧಿಸಿದ್ದು ಸುಮ್ನೆ ಅಲ್ಲ. ಎಸೆದ ಬೋರ್ಡುಗಳ ಸೀಸ ಮಣ್ಣಿಗೆ, ನೀರಿಗೆ ಸೇರುತ್ತದೆ, ಮಕ್ಕಳ ಮಿದುಳಿಗೆ ವಿಷ. ಬಳಸುವವರು ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು.

ವಿಜಯಪುರ_ರಿಪೇರಿ:
ತುಂಬಾ ಉಪಕಾರವಾಯ್ತು ಇಬ್ಬರಿಗೂ. ನನ್ನವು ಒಂದೇ ಬದಿಯ ಬೋರ್ಡುಗಳೇ. ಹಾಗಾದರೆ ಬೆಸುಗೆ ಹೊಸದು ಮಾಡಿದರೂ ರಿಲೇ ಭಾರ ಹಾಗೇ ಉಳಿಯಿತಲ್ವಾ? ಅದನ್ನು ಬೋರ್ಡಿಗೆ ಅಂಟಿಸಲು ಬಾತ್‌ರೂಮಿನ ಸಿಲಿಕೋನ್ ಆಗುತ್ತಾ?

ಬಾಗಲಕೋಟೆ_ಟಿವಿ:
ಅಂಟಿಸಲೇಬೇಕು, ಅರ್ಧ ರಿಪೇರಿ ಅಲ್ಲೇ ಇದೆ. ಆದರೆ ವಿನೆಗರ್ ವಾಸನೆ ಹೊಡೆಯುವ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರ ತಿನ್ನುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಕ್ಯೂರ್, ಅಂದರೆ ಆಮ್ಲ ಬಿಡದೆ ಗಟ್ಟಿಯಾಗುವ ಸಿಲಿಕೋನ್ ಅಂತ ಕೇಳಿ ತಗೊಳ್ಳಿ. ರಿಲೇಯ ಎರಡು ಮಗ್ಗುಲಿಗೆ ಹಚ್ಚಿ, ಪೂರ್ತಿ ಗಟ್ಟಿಯಾದ ಮೇಲೆ ಪೆಟ್ಟಿಗೆಗೆ ಹಾಕಿ.