ತೇಗದ ಹಳೇ ಬೋಗಿ: ಚಾವಣಿ ಸೋರುತ್ತೆ, ಹಲಗೆ ತುಂಬ ಕಪ್ಪು ಕಲೆ. ಮೊದಲು ಯಾವುದಕ್ಕೆ ಕೈ ಹಾಕೋದು?

ಹಳಿಪಕ್ಕ:
ಇಂಗ್ಲೆಂಡಿನ ಹೆರಿಟೇಜ್ ರೈಲ್ವೆಯೊಂದರಲ್ಲಿ (ಹಳೇ ರೈಲುಗಳನ್ನು ಉಳಿಸಿ ಓಡಿಸುವ ಕಡೆ) ನಮ್ಮ ಸ್ವಯಂಸೇವಕರ ತಂಡಕ್ಕೆ ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ) ಕಂಪನಿಯ ಗ್ರೆಸ್ಲಿ ಬೋಗಿ, ಅಂದರೆ ಅದರ ಮುಖ್ಯ ಎಂಜಿನಿಯರ್ ನೈಜೆಲ್ ಗ್ರೆಸ್ಲಿ ವಿನ್ಯಾಸದ್ದು, ಒಪ್ಪಿಸಿದ್ದಾರೆ. 1930ರ ದಶಕದ್ದು, 61 ಅಡಿ 6 ಇಂಚು ಉದ್ದ. ಚಾಸಿ ಉಕ್ಕಿನದು, ಮೇಲಿನದೆಲ್ಲ ತೇಗ. ಮೂರು ತೊಂದರೆ ಇವೆ: ಚಾವಣಿಯ ಕ್ಯಾನ್ವಾಸ್ ಬಿರಿದು ಒಳಗೆ ಹನಿಯುತ್ತೆ. ಎರಡು ಬಾಗಿಲ ಪಕ್ಕದ ಕಂಬಗಳ ಬುಡ ಲಡ್ಡಾಗಿದೆ, ಸ್ಕ್ರೂಡ್ರೈವರ್ ಚುಚ್ಚಿದರೆ ಬೆರಳುದ್ದ ಇಳಿಯುತ್ತೆ. ಹೊರ ಹಲಗೆಗಳಲ್ಲಿ ಸ್ಕ್ರೂ ಸುತ್ತ ಕಪ್ಪು ಕಲೆ. ಮುಂದಿನ ಸೀಸನ್ನಿಗೆ ಹೊಳೆಯುವ ಬೋಗಿ ಬೇಕು, ವಾರ್ನಿಷ್ ಮೊದಲು ಹೊಡೆಯಿರಿ ಅಂತ ಒತ್ತಾಯ ಇದೆ. ಕ್ರಮ ಹೇಗಿರಬೇಕು? ಕಂಬದ ಬುಡಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿದರೆ ಸಾಕೇ?

ಉಳಿಬಾಚಿ:
ವಾರ್ನಿಷ್ ಕೊನೆಗೆ ಸರ್, ಅದರಲ್ಲಿ ರಾಜಿ ಬೇಡ. ನೀರು ಮೇಲಿಂದ ಇಳಿಯುತ್ತಿರುವಾಗ ಹೊರಗೆ ವಾರ್ನಿಷ್ ಹೊಡೆದರೆ ಒದ್ದೆ ಮರದೊಳಗೇ ಸಿಕ್ಕಿಕೊಳ್ಳುತ್ತೆ. ಒಂದೇ ಚಳಿಗಾಲಕ್ಕೆ ಪದರ ಬಿಳಚಿಕೊಂಡು ಎದ್ದು ಬರುತ್ತೆ. ಚಾವಣಿ, ಆಮೇಲೆ ಕಂಬ ಮತ್ತು ಬಾಗಿಲು, ಆಮೇಲೆ ಹಲಗೆ.

ಒಳಗೆ ಹನಿಯುವ ಜಾಗದ ನೇರ ಮೇಲೇ ತೂತು ಇರುತ್ತೆ ಅಂದುಕೊಳ್ಳಬೇಡಿ. ನೀರು ಚಾವಣಿ ಹಲಗೆಯ ಸಂದಿ ಹಿಡಿದು ಎರಡು ಮೂರು ಮೀಟರ್ ಓಡಿ ಎಲ್ಲೋ ತೊಟ್ಟಿಕ್ಕುತ್ತೆ. ಪೈಪ್ ಹಿಡಿದು ಕೆಳಗಿನ ಅಂಚಿನಿಂದ ಶುರು ಮಾಡಿ, ಒಂದೊಂದು ಪಟ್ಟಿಗೆ ಹತ್ತು ನಿಮಿಷ ನೀರು ಬಿಡುತ್ತಾ ಮೇಲಕ್ಕೆ ಹೋಗಿ. ಮೇಲಿಂದ ಸುರಿದರೆ ಏನೂ ಗೊತ್ತಾಗಲ್ಲ. ಸಾಮಾನ್ಯವಾಗಿ ಸಿಕ್ಕಿಬೀಳೋದು ಗಾಳಿಕಿಂಡಿಗಳ ಬುಡ ಮತ್ತು ಮಳೆಪಟ್ಟಿಯ ಸ್ಕ್ರೂ ತೂತು.

ನಿಮ್ಮ ಕ್ಯಾನ್ವಾಸ್ ಬಿರಿದಿರೋದರಿಂದ ತೇಪೆ ಹಾಕಬೇಡಿ, ಪೂರ್ತಿ ಕಿತ್ತುಬಿಡಿ. ಒಂದು ಎಚ್ಚರಿಕೆ: ಹಳೇ ಕ್ಯಾನ್ವಾಸನ್ನು ಕೂರಿಸುತ್ತಿದ್ದದ್ದು ಸೀಸದ ಬಿಳಿ ಬಣ್ಣದಲ್ಲಿ. ಒಣಗಿದ್ದನ್ನು ಮೆಷಿನ್ ಹಚ್ಚಿ ಉಜ್ಜಿದರೆ ಸೀಸದ ಧೂಳು ನೇರ ಶ್ವಾಸಕೋಶಕ್ಕೆ. ನೀರು ಚಿಮುಕಿಸಿ ಕೆರೆಯಿರಿ, ಸಣ್ಣ ಧೂಳು ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಹಾಕಿ, ಬಿಸಾಡುವ ಮೇಲಂಗಿ ತೊಡಿ, ಕೈ ತೊಳೆಯದೆ ಟೀ ಕುಡಿಯಬೇಡಿ. ಹೀಟ್ ಗನ್ನೂ ಬೇಡ, ಹೊಗೆ ಏಳುತ್ತೆ.

ಕಿತ್ತ ಮೇಲೆ ಎದ್ದಿರುವ ಹಲಗೆ ಅಂಚುಗಳಿಗೆ ರಂದ ಹಾಕಿ, ಮೊಳೆ ತಲೆಗಳನ್ನು 2–3 ಮಿ.ಮೀ. ಒಳಗಿಳಿಸಿ ಪುಟ್ಟಿ ತುಂಬಿ. ಒಂದು ತಲೆ ಮೇಲೆ ಉಳಿದರೂ ಅಲ್ಲಿಂದಲೇ ಹೊಸ ಬಟ್ಟೆ ಸವೆಯೋದು. ಚದರ ಮೀಟರಿಗೆ 500 ಗ್ರಾಂ ಆಸುಪಾಸಿನ ಹತ್ತಿ ಕ್ಯಾನ್ವಾಸ್ ತನ್ನಿ. ಹಲಗೆಗೆ ದಪ್ಪಗೆ ಎಣ್ಣೆ ಬಣ್ಣ ಬಳಿದು, ಅದು ಹಸಿ ಇರುವಾಗಲೇ ಬಟ್ಟೆ ಹಾಸಿ ರೋಲರ್ ಎಳೆಯಿರಿ. ಉದ್ದದ ನಡುಭಾಗದಿಂದ ಶುರು ಮಾಡಿ, ಈ ಬದಿ ಒಂದಡಿ, ಎದುರು ಬದಿ ಒಂದಡಿ ಎಳೆಯುತ್ತಾ ತುದಿಗಳ ಕಡೆ ಹೋಗಬೇಕು. ಅಂಚಿಗೆ ತಾಮ್ರದ ಸಣ್ಣ ಮೊಳೆ, 25–30 ಮಿ.ಮೀ.ಗೊಂದು. ಒಂದೇ ಬದಿಯನ್ನು ಪೂರ್ತಿ ಹೊಡೆದು ಆಮೇಲೆ ಇನ್ನೊಂದು ಬದಿಗೆ ಹೋದರೆ ಓರೆ ಸುಕ್ಕು ಬೀಳುತ್ತೆ, ಅದು ಮತ್ತೆ ಹೋಗಲ್ಲ. ಮೇಲೆ ಮೂರು ನಾಲ್ಕು ಕೋಟ್. ಮೊದಲನೆಯದು ತೆಳ್ಳಗಿರಲಿ, ನೂಲಿಗೆ ಇಂಗಬೇಕು. ಗಾಳಿಕಿಂಡಿ, ಮಳೆಪಟ್ಟಿಗಳ ಕೆಳಗೆ ಬ್ಯುಟೈಲ್ ಟೇಪ್ (ನೀರು ತಡೆಯುವ ರಬ್ಬರಿನ ಅಂಟುಪಟ್ಟಿ). ಸಿಲಿಕಾನ್ ಬೇಡವೇ ಬೇಡ, ಅದರ ಮೇಲೆ ಬಣ್ಣ ನಿಲ್ಲಲ್ಲ.

ಡಾರ್ಬಿ_ಬಡಗಿ:
ಕಂಬದ ವಿಷಯ. ಬೆರಳುದ್ದ ಇಳಿಯುತ್ತೆ ಅಂದರೆ ಎಪಾಕ್ಸಿ ತುಂಬೋ ಹಂತ ದಾಟಿದೆ. ಗಟ್ಟಿ ಎಪಾಕ್ಸಿ ಉಂಡೆ ಮರದ ಜೊತೆ ಹಿಗ್ಗಲ್ಲ, ಕುಗ್ಗಲ್ಲ. ಸುತ್ತ ಸೀಳು ಬಿಟ್ಟು, ಆ ಸೀಳಲ್ಲಿ ನೀರು ನಿಂತು, ಮೇಲಿನ ಒಳ್ಳೇ ಮರವೂ ಲಡ್ಡಾಗುತ್ತೆ. ಬುಡ ಕತ್ತರಿಸಿ ಹೊಸ ತೇಗದ ತುಂಡು ಓರೆ ಜೋಡಿಸಿ. ಇಳಿಜಾರು ಒಂದಕ್ಕೆ ಎಂಟು: ಕಂಬ 75 ಮಿ.ಮೀ. ದಪ್ಪ ಇದ್ದರೆ ಓರೆ 600 ಮಿ.ಮೀ. ಉದ್ದ ಬರಬೇಕು. ಕೊಳೆತ ಕಡೆಯಿಂದ ಇನ್ನೂ 50 ಮಿ.ಮೀ. ಮೇಲಿನವರೆಗೆ ಗಟ್ಟಿ ಮರ ಸಿಗುವಷ್ಟು ಕತ್ತರಿಸಿ. ತೇಗದಲ್ಲಿ ಎಣ್ಣೆ ಜಾಸ್ತಿ. ಅಂಟು ಹಚ್ಚುವ ಸ್ವಲ್ಪ ಮುಂಚೆ ಎರಡೂ ಮುಖ ಅಸಿಟೋನಿನಲ್ಲಿ ಒರೆಸದಿದ್ದರೆ ಜೋಡಣೆ ತಿಂಗಳೊಳಗೆ ಬಾಯಿ ಬಿಡುತ್ತೆ.

ಎರಡು ಕಂಬವನ್ನು ಒಟ್ಟಿಗೆ ಬಿಚ್ಚಬೇಡಿ. ಮೊದಲು ಜಾಕ್ ಕೊಟ್ಟು, ಬಾಗಿಲ ಸಂದಿಯನ್ನು ಮೇಲೆ, ನಡುವೆ, ಕೆಳಗೆ ಅಳೆದು ಹಲಗೆ ಮೇಲೇ ಪೆನ್ಸಿಲಿನಲ್ಲಿ ಬರೆದಿಡಿ. ಒಂದು ಮುಗಿದು ಅಂಟು ಗಟ್ಟಿಯಾದ ಮೇಲೆ ಇನ್ನೊಂದು.

ಬುಡ ಕೊಳೆತದ್ದು ಯಾಕೆ ಅಂತಲೂ ನೋಡಿ, ಇಲ್ಲಾಂದರೆ ಹೊಸ ಮರಕ್ಕೂ ಅದೇ ಗತಿ. ಬಾಗಿಲ ಕಿಟಕಿ ಕೆಳಗಿಳಿಯುವ ತರದ್ದು, ಗಾಜಿನ ಮೇಲಿಂದ ಹರಿದ ಮಳೆ ನೀರೆಲ್ಲ ಬಾಗಿಲೊಳಗಿನ ಪೊಳ್ಳಿಗೆ ಇಳಿಯುತ್ತೆ. ಕೆಳಪಟ್ಟಿಯಲ್ಲಿ ಅದು ಹೊರಹೋಗಲು ತೂತು ಇರುತ್ತೆ; ಹಳೇ ಬಣ್ಣ, ಎಲೆ, ಮರದ ಹೊಟ್ಟು ಸೇರಿ ಮುಚ್ಚಿರುತ್ತೆ. ಕಿಟಕಿ ಇಳಿಸಿ ಅರ್ಧ ಲೀಟರ್ ನೀರು ಹುಯ್ಯಿರಿ. ಎರಡು ನಿಮಿಷದಲ್ಲಿ ಕೆಳಗೆ ಸುರಿಯದಿದ್ದರೆ ಒಳ ಹಲಗೆ ಬಿಚ್ಚಿ ಕ್ಲೀನ್ ಮಾಡಿ.

ಹಳಿಪಕ್ಕ:
ಇಬ್ಬರಿಗೂ ಥ್ಯಾಂಕ್ಸ್. ಕಪ್ಪು ಕಲೆ ಪೂರ್ತಿ ಹೋಗುತ್ತಾ, ಇಲ್ಲ ಹಲಗೆಯನ್ನೇ ತಿರುಗಿಸಿ ಹಾಕೋದಾ?

ಉಳಿಬಾಚಿ:
ಹೋಗುತ್ತೆ. ಅದು ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಮರದ ಒಗರಿನ ಜೊತೆ ಸೇರಿ ಆದ ಕಪ್ಪು. ಮೊದಲು ಆ ಸ್ಕ್ರೂ ತೆಗೆದು ಹಿತ್ತಾಳೆಯದ್ದು ಹಾಕಬೇಕು, ಇಲ್ಲಾಂದರೆ ಕಲೆ ಮತ್ತೆ ಬರುತ್ತೆ. ಒಂದು ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ಆಕ್ಸಾಲಿಕ್ ಆಸಿಡ್ ಹಾಕಿ ಬ್ರಷ್‌ನಲ್ಲಿ ಬಳಿಯಿರಿ. ಕಲೆಗೆ ಮಾತ್ರ ಬಳಿದರೆ ಅಲ್ಲೊಂದು ಬಿಳಿ ಮಚ್ಚೆ ಉಳಿಯುತ್ತೆ, ಇಡೀ ಹಲಗೆಗೆ ಬಳಿಯಿರಿ. ಇಪ್ಪತ್ತು ನಿಮಿಷ ಬಿಟ್ಟು ಮೂರು ಸಲ ನೀರಲ್ಲಿ ತೊಳೆಯಿರಿ. ವಿಷ ಅದು, ಗ್ಲೌಸ್, ಕನ್ನಡಕ ಬೇಕು. ಒಣಗಿ ಉಳಿದ ಪುಡಿಯನ್ನು ಉಜ್ಜಿದರೆ ಮೂಗು ಉರಿಯುತ್ತೆ.

ತೇವದ ಮೀಟರ್ 15 ಶೇಕಡಾಗಿಂತ ಕೆಳಗೆ ತೋರಿಸುವವರೆಗೆ ವಾರ್ನಿಷ್ ಡಬ್ಬಿ ತೆರೆಯಬೇಡಿ. ಮೊದಲ ಕೋಟಿಗೆ ತೆಳು ಮಾಡಲು ವೈಟ್ ಸ್ಪಿರಿಟ್ (ಬಣ್ಣದ ಥಿನ್ನರ್) ಅರ್ಧಕ್ಕರ್ಧ ಬೆರೆಸಿ, ಎರಡನೆಯದಕ್ಕೆ ಕಾಲು ಭಾಗ, ಆಮೇಲೆ ಏನೂ ಬೆರೆಸದೆ ಹಾಗೇ. ಒಟ್ಟು ಆರರಿಂದ ಎಂಟು ಕೋಟ್, ನಡುವೆ 320 ನಂಬರಿನ ಪೇಪರ್. ಅಲ್ಲಿನ ಅಕ್ಟೋಬರಿನಲ್ಲಿ ಮಧ್ಯಾಹ್ನ ಎರಡರ ಮೇಲೆ ಬ್ರಷ್ ಹಿಡಿಯಬೇಡಿ, ಸಂಜೆ ಇಬ್ಬನಿ ಬಿದ್ದು ಹೊಳಪು ಮಂಕಾಗುತ್ತೆ. ಹಲಗೆ ತಿರುಗಿಸುವ ಯೋಚನೆ ಬಿಡಿ, ಅಂಚಿನ ಆಕಾರ ಎದುರು ಕಡೆ ಬರುತ್ತೆ, ಕೂರಲ್ಲ.

ಡಾರ್ಬಿ_ಬಡಗಿ:
ಎಣ್ಣೆ ಬಣ್ಣ, ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಶೆಡ್ಡಿನ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಹರಡಿ ಹೊರಗೆ ಒಣಗಿಸಿ, ಇಲ್ಲ ನೀರು ತುಂಬಿದ ಮುಚ್ಚಳದ ಡಬ್ಬದಲ್ಲಿ ಹಾಕಿ.