‘ಶೊಹೂದ್’, ‘ಶಮ್’, ‘ಅಂತಃಪ್ರಜ್ಞೆ’: ಟ್ರಯಾಜ್ ಪ್ರಶ್ನಾವಳಿಯ ಒಂದು ಪದದ ಬಗ್ಗೆ

ಕಾರಣ ವಿವರಿಸಲಾಗದೆಯೂ ಥಟ್ಟನೆ ಹೊಳೆಯುವ ಅರಿವಿಗೆ ಇಂಗ್ಲಿಷಿನಲ್ಲಿ ಹೇಳುವ ‘ಇಂಟ್ಯೂಶನ್’ ಎಂಬ ಪದಕ್ಕೆ ಕನ್ನಡದಲ್ಲಿ ಏನನ್ನಬಹುದು ಎಂದು ಬಲ್ಲವರಲ್ಲಿ ಕೇಳುವುದಿದೆ. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಲ್ಲಿ ಯಾರನ್ನು ಕೂಡಲೇ ಒಳಗೆ ಕರೆದೊಯ್ಯಬೇಕು, ಯಾರು ಸ್ವಲ್ಪ ಹೊತ್ತು ಕಾಯಬಹುದು ಎಂದು ವಿಂಗಡಿಸುವ, ಅಂದರೆ ‘ಟ್ರಯಾಜ್’ ಮಾಡುವ ನರ್ಸುಗಳ ನಿರ್ಧಾರಶಕ್ತಿಯನ್ನು ಅಳೆಯಲು ಇಂಗ್ಲಿಷಿನಲ್ಲಿ ಒಂದು ಪ್ರಶ್ನಾವಳಿಯಿದೆ. ಅದನ್ನು ಪಾರಸಿ ಮಾತನಾಡುವ ಸಿಬ್ಬಂದಿಗೆ ಒಗ್ಗಿಸುವ ವಿಷಯದಲ್ಲಿ ಆಸಕ್ತಿಯಿದ್ದ ಇರಾನಿ ವಿದ್ಯಾರ್ಥಿಯೊಬ್ಬರು ಮೈಸೂರಿನಲ್ಲಿ ಕೆಲಕಾಲ ನಮ್ಮ ನೆರೆಯಲ್ಲಿದ್ದರು. ಅವರು ಎದುರಿಸಿದ ತೊಡಕು ನಮ್ಮದೂ ಆಗಿದೆಯೆಂದು ನನಗೆ ತೋರುವುದರಿಂದ ಇದನ್ನು ಬರೆಯುತ್ತಿದ್ದೇನೆ.

‘ಟ್ರಯಾಜ್’ ಎಂಬ ಪದದಿಂದ ಅವರಿಗೆ ತೊಂದರೆಯಾಗಲಿಲ್ಲ. ಆರಿಸು, ಬೇರ್ಪಡಿಸು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಹುಟ್ಟಿದ ಆ ಪದವನ್ನು ಪಾರಸಿ ತನ್ನ ‘ಝ’ ಸದ್ದಿನ ಅಕ್ಷರದೊಂದಿಗೆ ಹಾಗೆಯೇ ಉಳಿಸಿಕೊಂಡಿದೆ. ಅಲ್ಲಿ ತುರ್ತು ವಿಭಾಗಕ್ಕೆ ಹೇಳುವ ‘ಓರ್ಝಾನ್ಸ್’ ಕೂಡ ಫ್ರೆಂಚ್ ಮೂಲದ್ದೇ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬಿಬಿಎಂಪಿ ‘ಟ್ರಯಾಜ್ ಕೇಂದ್ರ’ಗಳನ್ನು ತೆರೆದ ಮೇಲೆ ನಮ್ಮ ಪತ್ರಿಕೆ ಓದುವವರಿಗೂ ಆ ಪದ ಅಪರಿಚಿತವಲ್ಲ.

ತೊಡಕು ಬಂದದ್ದು ‘ಇಂಟ್ಯೂಶನ್’ ಎಂಬಲ್ಲಿ. ವಿಮರ್ಶಾತ್ಮಕ ಚಿಂತನೆ, ಅನುಭವ ಮೊದಲಾದವುಗಳ ಜೊತೆಗೆ ಆ ಪ್ರಶ್ನಾವಳಿಯಲ್ಲಿ ಅದಕ್ಕೂ ಒಂದು ಭಾಗವಿದೆ. ಪಾರಸಿ ನಿಘಂಟು ಅದಕ್ಕೆ ‘ಶೊಹೂದ್’ ಎನ್ನುತ್ತದೆ. ಆದರೆ ‘ಕಶ್ಫ್ ಓ ಶೊಹೂದ್’ ಎಂಬ ಜೋಡಿಯಲ್ಲಿ ಅದು ಸೂಫಿಗಳಿಗೆ ಪರದೆ ಸರಿದು ಸತ್ಯ ಗೋಚರಿಸುವ ಅನುಭವ. ಜ್ವರದಿಂದ ಬಂದ ಮಗುವಿನ ಬಣ್ಣ ನೋಡಿ ‘ಇದು ಬರೀ ಜ್ವರವಲ್ಲ’ ಎಂದುಕೊಳ್ಳುವ ನರ್ಸು, ತನಗೆ ಶೊಹೂದ್ ಇದೆಯೇ ಎಂದು ಕಾಗದದ ಮೇಲೆ ಕೇಳಿದರೆ, ಸಂಕೋಚಪಟ್ಟು ‘ಇಲ್ಲ’ ಎಂಬ ಕಡೆಗೇ ಗುರುತು ಹಾಕಬಹುದು. ಹೀಗಾದರೆ ಅಳೆದದ್ದು ಅವರ ಅರಿವನ್ನಲ್ಲ, ವಿನಯವನ್ನು.

ಈ ದೋಷವನ್ನು ಮರು ಅನುವಾದ ಹಿಡಿಯಲಾರದು ಎಂಬುದೇ ನನಗೆ ಮುಖ್ಯವೆನಿಸಿದ ಸಂಗತಿ. ಒಬ್ಬರು ಪಾರಸಿಗೆ ತಂದದ್ದನ್ನು, ಮೂಲವನ್ನು ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಎರಡನ್ನೂ ಹೋಲಿಸುವುದು ಇಂಥ ಕೆಲಸದಲ್ಲಿ ರೂಢಿಯಲ್ಲಿರುವ ಪರೀಕ್ಷೆ. ‘ಶೊಹೂದ್’ ಅದರಲ್ಲಿ ನೂರಕ್ಕೆ ನೂರು ಅಂಕ ಪಡೆಯುತ್ತದೆ, ಏಕೆಂದರೆ ಇಬ್ಬರೂ ತೆರೆಯುವುದು ಒಂದೇ ಬಗೆಯ ನಿಘಂಟನ್ನು. ನರ್ಸನ್ನೇ ಎದುರಿಗೆ ಕೂರಿಸಿಕೊಂಡು, ಈ ವಾಕ್ಯದಿಂದ ನಿಮಗೆ ಏನು ಅರ್ಥವಾಯಿತು ಎಂದು ಕೇಳಿದಾಗ ಮಾತ್ರ ಅದು ಬಯಲಾಗುತ್ತದೆ.

ಬದಲಿಗೆ ಯಾವ ಪದವಿದೆ ಎಂದು ಆ ವಿದ್ಯಾರ್ಥಿಯನ್ನು ಕೇಳಿದೆ. ಅವರು ಅಂಗೈಯನ್ನು ಎದೆಯ ಮೇಲಿಟ್ಟು ‘ದೆಲ್’ ಎಂದರು. ಅದೇ ಅಂಗೈಯನ್ನು ಹೊಕ್ಕುಳಿನವರೆಗೆ ಇಳಿಸಿ ಮತ್ತೆ ‘ದೆಲ್’ ಎಂದು ನಕ್ಕರು. ಪಾರಸಿಯಲ್ಲಿ ಅದು ಹೃದಯವೂ ಹೌದು, ಹೊಟ್ಟೆಯೂ ಹೌದು. ‘ದೆಲ್‌ದರ್ದ್’ ಎಂದರೆ ಹೊಟ್ಟೆನೋವು. (ಉರ್ದುವಿನ ‘ದಿಲ್’ ಬಲ್ಲ ನಮ್ಮವರು ಅದನ್ನು ಎದೆನೋವೆಂದು ತಿಳಿದರೆ ವಿಂಗಡಣೆಯೇ ತಲೆಕೆಳಗಾದೀತು.) ‘ನನ್ನ ದೆಲ್ ಸಾಕ್ಷಿ ಹೇಳುತ್ತಿದೆ’ ಎಂಬುದು ಅಲ್ಲಿ ಬಳಕೆಯ ಮಾತು, ಆದರೆ ಅದರಲ್ಲಿ ಮುಂದಾಗುವುದರ ಮುನ್ಸೂಚನೆಯ ಛಾಯೆಯಿದೆ. ಅದನ್ನು ಬಿಡಿಬಿಡಿಯಾಗಿ ಕನ್ನಡಿಸಿದರೆ ‘ಮನಸ್ಸಾಕ್ಷಿ’ ಆಗುತ್ತದೆ, ನಮ್ಮಲ್ಲಿ ಅದು ನ್ಯಾಯಾನ್ಯಾಯದ ಮಾತು. ಕೊನೆಗೆ ಅವರಿಗೆ ಹಿಡಿಸಿದ್ದು ‘ಶಮ್’. ಮೂಲದಲ್ಲಿ ಘ್ರಾಣಶಕ್ತಿ ಎಂದರ್ಥ. ಕಸುಬಿನಲ್ಲಿ ಪಳಗಿ ಬಂದ ಚುರುಕಿಗೂ ಅದನ್ನು ಹೇಳುತ್ತಾರೆ, ಪೊಲೀಸರ ಶಮ್ ಎಂಬಂತೆ. ನುರಿತ ನರ್ಸಿನ ಇಂಟ್ಯೂಶನ್ ಅನುಭವದಿಂದ ಬೆಳೆಯುವಂಥದ್ದು ಎಂದು ಅಮೆರಿಕದ ನರ್ಸಿಂಗ್ ಚಿಂತಕಿ ಪ್ಯಾಟ್ರೀಷಿಯಾ ಬೆನ್ನರ್ 1984ರಲ್ಲಿ ಮಂಡಿಸಿದ ಅರ್ಥಕ್ಕೆ ಇದು ಶೊಹೂದ್‌ಗಿಂತ ಹತ್ತಿರವೆಂಬುದು ನನ್ನ ಅಭಿಪ್ರಾಯ.

ಈಗ ಕನ್ನಡಕ್ಕೆ ಬರುತ್ತೇನೆ. ‘ಅಂತಃಪ್ರಜ್ಞೆ’ ನಮ್ಮ ಶೊಹೂದ್. ಧ್ಯಾನಕ್ಕೆ ಕುಳಿತವರಿಗೆ ಒಪ್ಪುವ ಪದ, ಸ್ಟ್ರೆಚರಿನ ಪಕ್ಕದಲ್ಲಿ ನಿಂತವರಿಗಲ್ಲ. ‘ಒಳದನಿ’ ಕವಿತೆಯ ಕಡೆಗೆ ವಾಲುತ್ತದೆ. ‘ವಾಸನೆ ಹಿಡಿಯುವುದು’ ಶಮ್‌ಗೆ ಒಡಹುಟ್ಟಿನಂತಿದ್ದರೂ ನಮ್ಮಲ್ಲಿ ಅದಕ್ಕೆ ಗುಟ್ಟು ಕೆದಕುವವರ ಸೋಂಕು ತಗುಲಿದೆ. ‘ಪಳಗಿದ ಕಣ್ಣು’ ನನಗೆ ಹಿಡಿಸುತ್ತದೆ, ಆದರೆ ಅದರಲ್ಲಿ ಅನುಭವ ಮೊದಲೇ ಸೇರಿಬಿಟ್ಟಿರುವುದರಿಂದ, ಅನುಭವವನ್ನೂ ಇಂಟ್ಯೂಶನ್ನನ್ನೂ ಬೇರೆ ಬೇರೆಯಾಗಿ ಅಳೆಯುವ ಪ್ರಶ್ನಾವಳಿಯಲ್ಲಿ ಎರಡು ಭಾಗಗಳು ಕಲಸಿಹೋಗುತ್ತವೆ. ನಾಮಪದವನ್ನೇ ಕೈಬಿಟ್ಟು ‘ಕಾರಣ ಹೇಳಲು ಬಾರದಿದ್ದರೂ ರೋಗಿಯನ್ನು ನೋಡಿದ ಕೂಡಲೇ ಏನೋ ಸರಿಯಿಲ್ಲ ಎಂದು ನನಗೆ ಅನ್ನಿಸುತ್ತದೆ’ ಎಂದು ಬರೆಯಬಹುದು. ವಾಕ್ಯಗಳಿಗೆ ಅದು ಸಾಕು, ಆ ಭಾಗದ ತಲೆಬರಹಕ್ಕೆ ಸಾಲದು.

ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಪಾಳಿ ಬದಲಾಗುವಾಗ ಮುಂದಿನವರಿಗೆ ಇಂಥ ರೋಗಿಯ ಬಗ್ಗೆ ಯಾವ ಮಾತಿನಲ್ಲಿ ಎಚ್ಚರಿಸುತ್ತಾರೆ? ‘ಯಾಕೋ ಸರಿ ಕಾಣ್ತಿಲ್ಲ’ ಎಂಬುದನ್ನು ನಾನೇ ಕೇಳಿದ್ದೇನೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ದವಾಖಾನೆಗಳಲ್ಲಿ ಇದಕ್ಕೆ ಒಂದೇ ಪದದಲ್ಲಿ ಹೇಳುವ ರೂಢಿಯಿದ್ದರೆ, ಅದನ್ನು ಬಳಸುವ ಸಂದರ್ಭದೊಂದಿಗೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.